ಮೊದಲ ಆಯ್ಕೆ ಸೋತ ಮೇಲೆ ಉಳಿಯುವ ಹೊಣೆ

2023ರ ಏಪ್ರಿಲ್ 4, ಮಂಗಳವಾರ. ಅಮೇರಿಕದ ಮೂರನೇ ಅತಿದೊಡ್ಡ ನಗರವಾದ ಶಿಕಾಗೋದಲ್ಲಿ ಅಂದು ಮೇಯರ್ ಚುನಾವಣೆಯ ಎರಡನೇ ಸುತ್ತಿನ ಮತದಾನ. ರಮಝಾನ್ ತಿಂಗಳು ಮಧ್ಯಭಾಗವನ್ನು ಸಮೀಪಿಸುತ್ತಿತ್ತು. ಬೆಳಿಗ್ಗೆ ಮತಗಟ್ಟೆಗಳು ತೆರೆಯುವ ಹೊತ್ತಿಗೆ ಸಹರಿಯ ಸಮಯ ಮುಗಿದಿತ್ತು. ಸಂಜೆ ಏಳಕ್ಕೆ ಅವು ಮುಚ್ಚಿದಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ. ಎಂದರೆ, ಆ ನಗರದ ವ್ರತಧಾರಿ ಮುಸ್ಲಿಮರು ಅಂದು ಮತಗಟ್ಟೆಗೆ ಹೋದದ್ದೆಲ್ಲ ಹಸಿದ ಹೊಟ್ಟೆಯಲ್ಲಿಯೇ.

ಅಂದು ಸಾಲಿನಲ್ಲಿ ನಿಂತಿದ್ದ ಬಹಳಷ್ಟು ಮತದಾರರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಒಂದು ಸಮಾನ ಸಂಕಟವಿತ್ತು. ಅವರು ಮನಸಾರೆ ಬಯಸಿದ್ದ ಅಭ್ಯರ್ಥಿ ಕಣದಲ್ಲಿಯೇ ಇರಲಿಲ್ಲ. ಐದು ವಾರಗಳ ಹಿಂದೆ, ಫೆಬ್ರವರಿ 28ರಂದು ನಡೆದ ಮೊದಲ ಸುತ್ತಿನಲ್ಲಿ ಒಂಬತ್ತು ಮಂದಿ ಸ್ಪರ್ಧಿಸಿದ್ದರು. ಪೌಲ್ ವ್ಯಾಲಸ್ ಅವರಿಗೆ ಸುಮಾರು ಶೇ. 33, ಬ್ರ್ಯಾಂಡನ್ ಜಾನ್ಸನ್ ಅವರಿಗೆ ಸುಮಾರು ಶೇ. 22 ಮತಗಳು ದೊರೆತಿದ್ದವು. ಅಂದಿನ ಮೇಯರ್ ಲೋರಿ ಲೈಟ್‌ಫುಟ್ ಶೇ. 17ರಷ್ಟನ್ನೂ ದಾಟಲಾಗದೆ ಮೂರನೇ ಸ್ಥಾನಕ್ಕೆ ಕುಸಿದಿದ್ದರು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದ ಕಾರಣ ಮೊದಲ ಇಬ್ಬರ ನಡುವೆ ಮತ್ತೊಮ್ಮೆ ಸ್ಪರ್ಧೆ ಏರ್ಪಟ್ಟಿತು. ಹೀಗೆ ಮೊದಲ ಸುತ್ತಿನಲ್ಲಿ ಮತ ಹಾಕಿದ ನೂರು ಮಂದಿಯಲ್ಲಿ ಸುಮಾರು ನಲವತ್ತೈದು ಮಂದಿಯ ಆಯ್ಕೆ ಸೋತುಹೋಗಿತ್ತು.

ಈಗ ಆ ನಲವತ್ತೈದು ಮಂದಿ ಏನು ಮಾಡಬೇಕು? ಮನೆಯಲ್ಲಿ ಕುಳಿತುಕೊಳ್ಳಬೇಕೇ? ಉಳಿದ ಇಬ್ಬರಲ್ಲಿ ಒಬ್ಬರನ್ನು ಆರಿಸಿದರೆ ಅದು ತತ್ವದೊಂದಿಗಿನ ರಾಜಿಯೇ? ಅಥವಾ ಅದುವೇ ನಾಗರಿಕನ ನಿಜವಾದ ಪರೀಕ್ಷೆಯೇ? ಈ ಪ್ರಶ್ನೆ ಶಿಕಾಗೋಗೆ ಮಾತ್ರ ಸೀಮಿತವಲ್ಲ. ಆಯ್ಕೆ ಎಂಬುದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಈ ಪ್ರಶ್ನೆ ಇದ್ದೇ ಇರುತ್ತದೆ. ಆದ್ದರಿಂದಲೇ ದೂರದ ಆ ನಗರದ ಅನುಭವವನ್ನು ನಾವು ತುಸು ಹತ್ತಿರದಿಂದ ನೋಡುವುದು ಒಳ್ಳೆಯದು.

ಶಿಕಾಗೋದ ಮೇಯರ್ ಚುನಾವಣೆಯಲ್ಲಿ ಮತಪತ್ರದ ಮೇಲೆ ಪಕ್ಷದ ಹೆಸರಿರುವುದಿಲ್ಲ. ಚಿಹ್ನೆಯೂ ಇರುವುದಿಲ್ಲ. ಅಭ್ಯರ್ಥಿಗಳ ಹೆಸರುಗಳಷ್ಟೇ ಇರುತ್ತವೆ. ಮೊದಲ ಸುತ್ತಿನಲ್ಲಿ ಒಬ್ಬರಿಗೆ ಅರ್ಧಕ್ಕಿಂತ ಹೆಚ್ಚು ಮತ ದೊರೆತರೆ ಅವರೇ ಮೇಯರ್. ಇಲ್ಲವಾದರೆ ಮೊದಲೆರಡು ಸ್ಥಾನ ಪಡೆದವರು ಏಪ್ರಿಲ್‌ನಲ್ಲಿ ಮತ್ತೆ ಜನರ ಮುಂದೆ ಬರಬೇಕು. ನಮ್ಮಲ್ಲಿ ಮಹಾನಗರ ಪಾಲಿಕೆಯ ಮೇಯರನ್ನು ಜನರು ನೇರವಾಗಿ ಆರಿಸುವುದಿಲ್ಲ, ಪಾಲಿಕೆಯ ಸದಸ್ಯರು ಆರಿಸುತ್ತಾರೆ. ಆದರೆ ಪಕ್ಷದ ಚಿಹ್ನೆಯಿಲ್ಲದ ಚುನಾವಣೆ ನಮಗೆ ಹೊಸದೇನೂ ಅಲ್ಲ. ಕರ್ನಾಟಕದ ಗ್ರಾಮ ಪಂಚಾಯತಿಗಳಿಗೆ ಚುನಾವಣೆ ನಡೆಯುವುದು ಹೀಗೆಯೇ. ಪಕ್ಷದ ಹೆಸರನ್ನು ತೆಗೆದುಬಿಟ್ಟರೆ ಊರಿನಿಂದ ಪಕ್ಷ ಹೊರಟುಹೋಗುತ್ತದೆಯೇ ಎಂದು ಯಾವುದಾದರೂ ಹಳ್ಳಿಯ ಹಿರಿಯರನ್ನು ಕೇಳಿ ನೋಡಿ. ಅವರು ಮುಗುಳ್ನಗುತ್ತಾರೆ. ಶಿಕಾಗೋದ ಹಿರಿಯರ ಉತ್ತರವೂ ಅದೇ ಆಗಿದ್ದೀತು.

ಆ ನಗರದಲ್ಲಿ ಈ ನಿಯಮ ಬಂದ ಹಿನ್ನೆಲೆಯೇ ಒಂದು ಪಾಠ. 1931ರ ನಂತರ ಅಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಸೇರದವರು ಮೇಯರ್ ಚುನಾವಣೆಯಲ್ಲಿ ಗೆದ್ದದ್ದೇ ಇಲ್ಲ. ಹೀಗಾಗಿ ದಶಕಗಳ ಕಾಲ ಆ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯೇ ನಿಜವಾದ ಚುನಾವಣೆಯಾಗಿತ್ತು. 1983ರ ಪ್ರಾಥಮಿಕ ಚುನಾವಣೆಯಲ್ಲಿ ಅಂದಿನ ಮೇಯರ್ ಜೇನ್ ಬರ್ನ್ ಮತ್ತು ರಿಚರ್ಡ್ ಎಂ. ಡೇಲಿ ಬಿಳಿಯರ ಮತಗಳನ್ನು ಹಂಚಿಕೊಂಡರು. ಶೇ. 36ರಷ್ಟು ಮತ ಪಡೆದ ಕಪ್ಪು ವರ್ಣೀಯ ನಾಯಕ ಹೆರಾಲ್ಡ್ ವಾಷಿಂಗ್ಟನ್ ಗೆದ್ದರು. ಆಗ ನಡೆದದ್ದೇನು? ಜೀವಮಾನವಿಡೀ ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕಿದ್ದ ಬಿಳಿಯರಲ್ಲಿ ಬಹುದೊಡ್ಡ ಸಂಖ್ಯೆಯವರು ಏಪ್ರಿಲ್‌ನ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಬರ್ನಾರ್ಡ್ ಎಪ್ಟನ್ ಅವರ ಕಡೆ ಹೊರಳಿದರು. ಪಕ್ಷನಿಷ್ಠೆ ಒಂದೇ ರಾತ್ರಿಯಲ್ಲಿ ಕರಗಿತು, ಚರ್ಮದ ಬಣ್ಣದ ನಿಷ್ಠೆ ಉಳಿಯಿತು. ಆದರೂ ಇಬ್ಬರ ನಡುವಿನ ಆ ಹಣಾಹಣಿಯಲ್ಲಿ ವಾಷಿಂಗ್ಟನ್ ಸುಮಾರು ಶೇ. 52 ಮತ ಪಡೆದು ನಗರದ ಪ್ರಥಮ ಕಪ್ಪು ವರ್ಣೀಯ ಮೇಯರ್ ಆದರು. ಐವತ್ತು ಸದಸ್ಯರ ನಗರ ಸಭೆಯಲ್ಲಿ ಇಪ್ಪತ್ತೊಂಬತ್ತು ಮಂದಿ ಅವರ ವಿರುದ್ಧ ಒಂದಾಗಿ ವರ್ಷಗಟ್ಟಲೆ ಆಡಳಿತಕ್ಕೆ ಅಡ್ಡಗಾಲು ಹಾಕಿದರು. 1987ರಲ್ಲಿ ಮತ್ತೆ ಗೆದ್ದ ಅವರು ಅದೇ ವರ್ಷದ ನವೆಂಬರ್‌ನಲ್ಲಿ ಅಧಿಕಾರದಲ್ಲಿರುವಾಗಲೇ ನಿಧನರಾದರು.

ಇಲಿನಾಯ್ ರಾಜ್ಯದ ಶಾಸನಸಭೆ ಶಿಕಾಗೋದ ಚುನಾವಣೆಯನ್ನು ಪಕ್ಷರಹಿತಗೊಳಿಸಿ ಬಹುಮತದ ನಿಯಮವನ್ನು ತಂದದ್ದು 1995ರಲ್ಲಿ. ಹೊಸ ಕ್ರಮದಲ್ಲಿ ಮೊದಲ ಚುನಾವಣೆ ನಡೆದದ್ದು 1999ರಲ್ಲಿ. ಮತ ವಿಭಜನೆಯ ಲಾಭ ಪಡೆದು ಇನ್ನೊಬ್ಬ ವಾಷಿಂಗ್ಟನ್ ಗೆಲ್ಲದಿರಲಿ ಎಂಬುದೇ ಈ ಬದಲಾವಣೆಯ ಉದ್ದೇಶವಾಗಿತ್ತು ಎಂಬ ಅನುಮಾನವನ್ನು ಅನೇಕರು ವ್ಯಕ್ತಪಡಿಸಿದ್ದಾರೆ. ಅದನ್ನು ಬೆಂಬಲಿಸಿದವರು ಹೇಳಿದ್ದು ಬೇರೆ: ನಗರದ ಮುಖ್ಯಸ್ಥರಿಗೆ ಅರ್ಧಕ್ಕಿಂತ ಹೆಚ್ಚು ಮತದಾರರ ಒಪ್ಪಿಗೆ ಇರಬೇಕು. ಎರಡೂ ಮಾತುಗಳಲ್ಲಿ ಹುರುಳಿರಬಹುದು. ಒಳ್ಳೆಯ ವಾದದ ಮರೆಯಲ್ಲಿ ಕೆಟ್ಟ ಉದ್ದೇಶ ನಿಲ್ಲುವುದು ಲೋಕದಲ್ಲಿ ಅಪರೂಪವಲ್ಲ.

ಆದರೆ ಮುಂದೆ ನಡೆದದ್ದನ್ನು ನೋಡಿ. 2019ರಲ್ಲಿ ಅದೇ ನಿಯಮದಡಿ ಎರಡನೇ ಸುತ್ತಿಗೆ ಬಂದ ಇಬ್ಬರೂ ಕಪ್ಪು ವರ್ಣೀಯ ಮಹಿಳೆಯರು: ಲೋರಿ ಲೈಟ್‌ಫುಟ್ ಮತ್ತು ಟೋನಿ ಪ್ರೆಕ್‌ವಿಂಕಲ್. 2023ರಲ್ಲಿ ಮೊದಲ ಸುತ್ತಿನಲ್ಲಿ ಹನ್ನೊಂದು ಶೇಕಡಾಂಶ ಹಿಂದಿದ್ದ ಕಪ್ಪು ವರ್ಣೀಯ ಅಭ್ಯರ್ಥಿ ಬ್ರ್ಯಾಂಡನ್ ಜಾನ್ಸನ್ ಎರಡನೇ ಸುತ್ತಿನಲ್ಲಿ ಶೇ. 52 ಮತ ಪಡೆದು ಗೆದ್ದರು. ಹಳೆಯ ಕ್ರಮವಾಗಿದ್ದರೆ, ಹೆಚ್ಚು ಮತ ಪಡೆದವರೇ ಗೆದ್ದವರು ಎಂದಾಗಿದ್ದರೆ, ಫೆಬ್ರವರಿಯಲ್ಲಿಯೇ ವ್ಯಾಲಸ್ ಮೇಯರ್ ಆಗಿರುತ್ತಿದ್ದರು. ಯಾರನ್ನು ತಡೆಯಲು ಬಾಗಿಲು ನಿರ್ಮಿಸಲಾಯಿತು ಎಂಬ ಅನುಮಾನವಿತ್ತೋ ಅದೇ ಬಾಗಿಲಿನಿಂದ ಅವರ ವಾರಸುದಾರರು ಒಳಬಂದರು. ನಿಯಮ ಮಾಡುವವರ ಲೆಕ್ಕಾಚಾರ ಬೇರೆ, ನಿಯಮವನ್ನು ಬಳಸಿಕೊಳ್ಳುವ ಜನರ ಸಾಮರ್ಥ್ಯ ಬೇರೆ. ಅನ್ಯಾಯದ ಉದ್ದೇಶದಿಂದ ಬಂದ ಕ್ರಮವೆಂದು ಶಂಕಿಸಿ ದೂರ ಉಳಿದವರಿಗಿಂತ, ಆ ಕ್ರಮದೊಳಗೆ ಬೆವರು ಸುರಿಸಿದವರೇ ಫಲ ಕಂಡರು.

ಈ ಇತಿಹಾಸದಲ್ಲಿ ಇನ್ನೂ ಒಂದು ಅಂಕಿಯ ಮುಂದೆ ನಾವು ನಿಲ್ಲಬೇಕು. 2019ರ ಮೊದಲ ಸುತ್ತಿನಲ್ಲಿ ಹದಿನಾಲ್ಕು ಮಂದಿ ಸ್ಪರ್ಧಿಸಿದ್ದರು. ಲೈಟ್‌ಫುಟ್ ಮೊದಲ ಸ್ಥಾನ ಪಡೆದರು, ಆದರೆ ಅವರಿಗೆ ಬಂದದ್ದು ಶೇ. 17.5 ಮತ ಮಾತ್ರ. ಎರಡನೇ ಸುತ್ತಿನಲ್ಲಿ ಅವರು ಸುಮಾರು ಶೇ. 74 ಮತ ಪಡೆದು ಐವತ್ತಕ್ಕೆ ಐವತ್ತು ವಾರ್ಡುಗಳಲ್ಲಿಯೂ ಮುನ್ನಡೆ ಸಾಧಿಸಿದರು. ನಾಲ್ಕು ವರ್ಷ ಕಳೆದು 2023ರಲ್ಲಿ ಅದೇ ಮೇಯರ್‌ಗೆ ದೊರೆತದ್ದು ಶೇ. 16.8. 1983ರ ಬಳಿಕ ಮರು ಆಯ್ಕೆಗೆ ನಿಂತು ಸೋತ ಮೊದಲ ಚುನಾಯಿತ ಮೇಯರ್ ಅವರು. ಅವರ ಆಡಳಿತದ ಸರಿ ತಪ್ಪುಗಳ ವಿಚಾರಣೆ ಇಲ್ಲಿ ನಮ್ಮ ಉದ್ದೇಶವಲ್ಲ. ಅವರ ಅವಧಿಯಲ್ಲಿ ಕೊರೋನಾ ಬಂತು, ನಗರ ತತ್ತರಿಸಿತು ಎಂಬುದನ್ನೂ ಮರೆಯಬೇಕಿಲ್ಲ. ನಾವು ಗಮನಿಸಬೇಕಾದುದು ಇಷ್ಟು: ಆ 74ರಲ್ಲಿ ಅವರ ಸ್ವಂತದ್ದು ಎನ್ನಬಹುದಾದದ್ದು ಹದಿನೇಳೂವರೆ. ಉಳಿದದ್ದು ಬೇರೆಯವರನ್ನು ಬಯಸಿ, ಅವರು ಸೋತ ಬಳಿಕ ಇವರ ಕೈಗೆ ಜನರು ಒಪ್ಪಿಸಿದ ಠೇವಣಿ.

ಎರಡನೇ ಸುತ್ತಿನ ಮತವೆಂದರೆ ಇದುವೇ. ಅದು ಪ್ರೀತಿಯ ಕಾಣಿಕೆಯಲ್ಲ, ನಂಬಿಕೆಯ ಮೇಲೆ ಕೊಟ್ಟ ಒತ್ತೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಮಾನತು. ಅಮಾನತನ್ನು ಅದಕ್ಕೆ ಅರ್ಹರಾದವರಿಗೆ ಒಪ್ಪಿಸಬೇಕೆಂದೂ ಜನರ ನಡುವೆ ತೀರ್ಪು ನೀಡುವಾಗ ನ್ಯಾಯ ಪಾಲಿಸಬೇಕೆಂದೂ ಪವಿತ್ರ ಕುರ್‌ಆನಿನ ನಾಲ್ಕನೇ ಅಧ್ಯಾಯದ 58ನೇ ವಚನ ಆದೇಶಿಸುತ್ತದೆ. ಅಲ್ಲಿ ಎರಡು ಹೊಣೆಗಳು ಒಟ್ಟಿಗೆ ಬಂದಿರುವುದನ್ನು ಗಮನಿಸಿ. ಒಪ್ಪಿಸುವವನಿಗೆ ಒಂದು ಹೊಣೆ, ಪಡೆದುಕೊಂಡವನಿಗೆ ಇನ್ನೊಂದು. ಗೆದ್ದವರು ಠೇವಣಿಯನ್ನು ಸ್ವಂತ ಆಸ್ತಿ ಎಂದು ಭಾವಿಸಿದರೆ ಜನರು ಅದನ್ನು ಹಿಂದಕ್ಕೆ ಪಡೆಯುತ್ತಾರೆ. ಜನರು ಠೇವಣಿ ಇಡುವುದಕ್ಕೇ ಹೋಗದಿದ್ದರೆ ಕೇಳುವ ಹಕ್ಕನ್ನೂ ಕಳೆದುಕೊಳ್ಳುತ್ತಾರೆ.

ಮುಸ್ಲಿಮ್ ಇತಿಹಾಸದಲ್ಲಿ ಈ ಬಗೆಯ ಆಯ್ಕೆಗೆ ಒಂದು ಮಹತ್ವದ ಪೂರ್ವನಿದರ್ಶನವಿದೆ. ಮಾರಣಾಂತಿಕವಾಗಿ ಗಾಯಗೊಂಡ ಖಲೀಫಾ ಉಮರ್(ರ) ತನ್ನ ಮಗನನ್ನು ಉತ್ತರಾಧಿಕಾರಿಯಾಗಿ ನೇಮಿಸಲಿಲ್ಲ. ಉಸ್ಮಾನ್, ಅಲೀ, ಅಬ್ದುರ್ರಹ್ಮಾನ್ ಬಿನ್ ಔಫ್, ಸಅದ್ ಬಿನ್ ಅಬೀ ವಕ್ಕಾಸ್, ಝುಬೈರ್ ಮತ್ತು ತಲ್‌ಹಾ(ರ) ಎಂಬ ಆರು ಮಂದಿಯ ಸಮಾಲೋಚನಾ ಸಮಿತಿಗೆ ಆ ಹೊಣೆ ವಹಿಸಿದರು. ಆರು ಮಂದಿಯಲ್ಲಿ ಮೂವರು ಇತರ ಮೂವರ ಪರವಾಗಿ ಹಿಂದೆ ಸರಿದರು. ಉಳಿದ ಮೂವರಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್(ರ) ತಾನು ಸ್ಪರ್ಧೆಯಲ್ಲಿ ಇರುವುದಿಲ್ಲವೆಂದು ಘೋಷಿಸಿ, ಉಸ್ಮಾನ್(ರ) ಮತ್ತು ಅಲೀ(ರ) ಇಬ್ಬರಲ್ಲಿ ಒಬ್ಬರನ್ನು ಆರಿಸುವ ಕಾರ್ಯವನ್ನು ವಹಿಸಿಕೊಂಡರು. ಬಳಿಕ ಅವರು ಹಗಲು ರಾತ್ರಿ ಮದೀನಾದ ಜನರ ಅಭಿಪ್ರಾಯ ಕೇಳುತ್ತಾ ನಡೆದರು. ನಾಯಕರನ್ನು ಮಾತ್ರವಲ್ಲ, ಮನೆಯೊಳಗಿನ ಸ್ತ್ರೀಯರನ್ನೂ ಹೊರಗಿನಿಂದ ಬಂದ ಪ್ರಯಾಣಿಕರನ್ನೂ ಅವರು ವಿಚಾರಿಸಿದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಕೊನೆಗೆ ಮಸೀದಿಯಲ್ಲಿ ಎಲ್ಲರ ಸಮ್ಮುಖದಲ್ಲಿ ಉಸ್ಮಾನ್(ರ) ಅವರ ಆಯ್ಕೆ ಪ್ರಕಟವಾಯಿತು. ಅಲೀ(ರ) ಅವರೂ ಅವರಿಗೆ ಬೈಅತ್ ಮಾಡಿದರು.

ಇದು ಇಂದಿನ ಮತಪೆಟ್ಟಿಗೆಯ ಚುನಾವಣೆಯಲ್ಲ. ಹದಿನಾಲ್ಕು ಶತಮಾನಗಳ ಹಿಂದಿನ ಮದೀನಾವನ್ನೂ ಇಂದಿನ ಶಿಕಾಗೋವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಎರಡಕ್ಕೂ ಅನ್ಯಾಯ. ಆದರೆ ಆ ಘಟನೆಯೊಳಗಿನ ಮೂರು ಮೌಲ್ಯಗಳು ಕಾಲಾತೀತ. ಒಂದು, ಹಲವರಿಂದ ಇಬ್ಬರಿಗೆ ಇಳಿದಾಗ ಹಿಂದೆ ಸರಿದವರು ಮುನಿಸಿಕೊಂಡು ಮನೆ ಸೇರಲಿಲ್ಲ, ಉಳಿದವರಲ್ಲಿ ಯಾರು ಉತ್ತಮ ಎಂಬ ಸಮಾಲೋಚನೆಯಲ್ಲಿ ಪಾಲ್ಗೊಂಡರು. ಎರಡು, ನಿರ್ಣಯ ನಡೆಸುವವನು ಸ್ವತಃ ಸ್ಪರ್ಧಿಯಾಗಿರಲಿಲ್ಲ. ಮೂರು, ಆಯ್ಕೆ ಮುಗಿದ ಬಳಿಕ ಆಯ್ಕೆಯಾಗದವರು ಫಲಿತಾಂಶವನ್ನು ಗೌರವಿಸಿದರು. ಈ ಮೂರರಲ್ಲಿ ಒಂದು ತಪ್ಪಿದರೂ ಎಷ್ಟೇ ಸುಂದರವಾದ ಚುನಾವಣಾ ನಿಯಮವೂ ಜಗಳದ ಕಾರ್ಖಾನೆಯಾಗುತ್ತದೆ.

ಇನ್ನು, ಎರಡನೇ ಸುತ್ತಿನಲ್ಲಿ ಮತ ಹಾಕದಿರಲು ಜನರು ಕೊಡುವ ಕಾರಣಗಳನ್ನು ನೋಡೋಣ.

ಮೊದಲನೆಯದು: ಇಬ್ಬರಲ್ಲಿ ಯಾರೂ ನಮ್ಮವರಲ್ಲ. ಮೇಲ್ನೋಟಕ್ಕೆ ಇದು ಸ್ವಾಭಿಮಾನದ ಮಾತಿನಂತೆ ಕೇಳಿಸುತ್ತದೆ. ಆದರೆ ನಗರದ ಮೇಯರ್ 'ನಮ್ಮವರು' ಆಗಿರಬೇಕೆಂಬ ನಿರೀಕ್ಷೆಯೇ ತಪ್ಪು. ಅವರು ನ್ಯಾಯವಂತರಾಗಿರಬೇಕು. ಬೀದಿಯ ಕಸ, ಶಾಲೆಯ ಗೋಡೆ, ಪೊಲೀಸರ ವರ್ತನೆ, ಕುಡಿಯುವ ನೀರಿನ ಕೊಳವೆ, ಇವುಗಳಿಗೆ ಜಾತಿ ಧರ್ಮಗಳಿಲ್ಲ. ಶಿಕಾಗೋದ ಉತ್ತರ ಭಾಗದಲ್ಲಿ ದಕ್ಷಿಣ ಏಷ್ಯಾದ ಅಂಗಡಿ ಹೋಟೆಲುಗಳಿಗೆ ಹೆಸರಾದ ಡೆವನ್ ಅವೆನ್ಯೂ ಎಂಬ ರಸ್ತೆಯಿದೆ. ಆ ಒಂದೇ ರಸ್ತೆಯ ಒಂದು ಭಾಗಕ್ಕೆ ಗಾಂಧೀಜಿಯವರ ಹೆಸರನ್ನೂ ಇನ್ನೊಂದು ಭಾಗಕ್ಕೆ ಮುಹಮ್ಮದ್ ಅಲಿ ಜಿನ್ನಾರ ಹೆಸರನ್ನೂ ಗೌರವಾರ್ಥವಾಗಿ ಇಡಲಾಗಿದೆ. ಉಪಖಂಡದಲ್ಲಿ ಬೇರ್ಪಟ್ಟವರ ಮಕ್ಕಳು ಅಲ್ಲಿ ಒಂದೇ ಚರಂಡಿ, ಒಂದೇ ಬೀದಿದೀಪದ ಬಗ್ಗೆ ಒಂದೇ ನಗರ ಸಭೆಯ ಮುಂದೆ ನಿಲ್ಲಬೇಕು. ನಗರವೆಂಬುದು ಹೀಗೆ 'ನಮ್ಮವರು' ಎಂಬ ಪದದ ಅರ್ಥವನ್ನೇ ಹಿಗ್ಗಿಸುತ್ತದೆ. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸದಿರಲಿ ಎಂಬ ಆಶಯ ಕುರ್‌ಆನಿನ ಐದನೇ ಅಧ್ಯಾಯದ 8ನೇ ವಚನದಲ್ಲಿದೆ. ದ್ವೇಷಕ್ಕೆ ಅನ್ವಯಿಸುವ ಈ ಮಾತು ಕುರುಡು ಮಮತೆಗೂ ಅನ್ವಯಿಸುತ್ತದೆ ಎಂದು ತಿಳಿಯುವುದೇ ವಿವೇಕ.

ಎರಡನೆಯದು: ಇಬ್ಬರಲ್ಲಿಯೂ ದೋಷಗಳಿವೆ, ಹಾಗಿರುವಾಗ ಒಬ್ಬರಿಗೆ ಮತ ಹಾಕಿ ಅವರ ದೋಷದಲ್ಲಿ ಪಾಲುದಾರನಾಗುವುದೇಕೆ? ಇದು ಲಘುವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಪ್ರಾಮಾಣಿಕ ಮನಸ್ಸುಗಳಲ್ಲಿಯೇ ಇದು ಹುಟ್ಟುತ್ತದೆ. ಎರಡು ಹಾನಿಗಳು ಎದುರಾಗಿ, ಎರಡನ್ನೂ ತಪ್ಪಿಸುವುದು ಸಾಧ್ಯವಿಲ್ಲದಾಗ, ಕಡಿಮೆ ಹಾನಿಯದನ್ನು ಆರಿಸಿ ದೊಡ್ಡದನ್ನು ತಡೆಯಬೇಕೆಂಬುದು ಇಸ್ಲಾಮೀ ಕರ್ಮಶಾಸ್ತ್ರದ ಪ್ರಸಿದ್ಧ ತತ್ವ. ಎರಡನೇ ಸುತ್ತಿನ ಸ್ಥಿತಿ ನಿಖರವಾಗಿ ಅಂಥದ್ದು. ಮೂರನೇ ದಾರಿ ಮೊದಲ ಸುತ್ತಿನಲ್ಲಿತ್ತು, ಈಗ ಅದು ಮುಚ್ಚಿದೆ. ನಾನು ಮತ ಹಾಕದಿದ್ದರೂ ಇಬ್ಬರಲ್ಲಿ ಒಬ್ಬರು ಮೇಯರ್ ಆಗಿಯೇ ಆಗುತ್ತಾರೆ. ಆಗ ನನ್ನ ಮೌನ ನನ್ನನ್ನು ಶುದ್ಧವಾಗಿಡುವುದಿಲ್ಲ. ನಿರ್ಧಾರವನ್ನು ಇತರರಿಗೆ ಬಿಟ್ಟುಕೊಡುತ್ತದೆ, ಅಷ್ಟೇ. ಮತವನ್ನು ಸಾಕ್ಷ್ಯಕ್ಕೆ ಹೋಲಿಸಿದ ವಿದ್ವಾಂಸರಿದ್ದಾರೆ. ಸಾಕ್ಷಿಯನ್ನು ಕರೆದಾಗ ಅವನಿಗೆ ಕೇಳುವುದು ಲೋಕದಲ್ಲಿ ಅತ್ಯುತ್ತಮರು ಯಾರು ಎಂದಲ್ಲ, ಎದುರಿಗಿರುವ ವಿಷಯದಲ್ಲಿ ನಿನಗೆ ತಿಳಿದಿರುವ ಸತ್ಯವೇನು ಎಂದು. ಇಬ್ಬರನ್ನೂ ಅಳೆದು ನೋಡಿದ ಬಳಿಕ ನಿಜವಾಗಿಯೂ ವ್ಯತ್ಯಾಸ ಕಾಣದವನ ಮಾತು ಬೇರೆ. ಅಂಥವನು ಮೌನವಾಗಿದ್ದರೆ ನಾವು ಅವನನ್ನು ದೂರಬೇಕಿಲ್ಲ. ಆದರೆ ಅಳೆಯುವ ಶ್ರಮವನ್ನೇ ತೆಗೆದುಕೊಳ್ಳದೆ ಎಲ್ಲರೂ ಒಂದೇ ಎಂದು ಕೈ ಕೊಡವುವುದು ಸೂಕ್ಷ್ಮ ಮನಸ್ಸಾಕ್ಷಿಯಲ್ಲ, ಆಲಸ್ಯ.

2023ರಲ್ಲಿ ಆ ವ್ಯತ್ಯಾಸವನ್ನು ಕಾಣಲು ಬಹಳ ಕಷ್ಟಪಡಬೇಕಾಗಿರಲಿಲ್ಲ. ಇಬ್ಬರೂ ಡೆಮಾಕ್ರಟಿಕ್ ಹಿನ್ನೆಲೆಯವರೇ. ವ್ಯಾಲಸ್ ಹಿಂದೆ ನಗರದ ಸರಕಾರಿ ಶಾಲೆಗಳ ಮುಖ್ಯಸ್ಥರಾಗಿದ್ದವರು, ಪೊಲೀಸರ ಸಂಘ ಅವರ ಬೆನ್ನಿಗಿತ್ತು. ಜಾನ್ಸನ್ ಹಿಂದೆ ಶಾಲಾ ಶಿಕ್ಷಕರಾಗಿದ್ದು ಶಿಕ್ಷಕರ ಸಂಘದ ಸಂಘಟಕರಾಗಿ ಬೆಳೆದವರು, ಆ ಸಂಘ ಅವರ ಬೆನ್ನಿಗಿತ್ತು. ಅಪರಾಧ ತಡೆಗೆ ಹೆಚ್ಚು ಪೊಲೀಸರು ಬೇಕೆಂಬುದು ಒಬ್ಬರ ಒತ್ತು. ಅಪರಾಧದ ಬೇರಾದ ಬಡತನ, ನಿರುದ್ಯೋಗ, ಮಾನಸಿಕ ಆರೋಗ್ಯದ ಕಡೆಗೆ ಹಣ ಹರಿಯಬೇಕೆಂಬುದು ಇನ್ನೊಬ್ಬರ ಒತ್ತು. ಮೊದಲ ಸುತ್ತಿನಲ್ಲಿ ಸೋತ ಹೆಸುಸ್ ಗಾರ್ಸಿಯಾ ಜಾನ್ಸನ್‌ರನ್ನು ಬೆಂಬಲಿಸಿದರೆ, ಉದ್ಯಮಿ ವಿಲ್ಲಿ ವಿಲ್ಸನ್ ವ್ಯಾಲಸ್‌ರನ್ನು ಬೆಂಬಲಿಸಿದರು. ಯಾರು ಸರಿ ಎಂದು ಹೇಳುವುದು ಈ ಲೇಖನದ ಕೆಲಸವಲ್ಲ, ಅದು ಆ ನಗರದವರ ನಿರ್ಧಾರ. ಎರಡೂ ಕಡೆ ಪ್ರಾಮಾಣಿಕರು ಇದ್ದರು ಎಂಬುದನ್ನು ಮಾತ್ರ ಇಲ್ಲಿ ಹೇಳಬಹುದು.

ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ನಿರಾಸಕ್ತಿ. ಆ ಏಪ್ರಿಲ್‌ನಲ್ಲಿ ಶಿಕಾಗೋದ ನೋಂದಾಯಿತ ಮತದಾರರಲ್ಲಿ ಮತ ಹಾಕಿದವರು ಶೇ. 39ಕ್ಕಿಂತ ಕಡಿಮೆ. ಅದರಲ್ಲಿ ಶೇ. 52 ಜಾನ್ಸನ್‌ರಿಗೆ. ಲೆಕ್ಕ ಹಾಕಿದರೆ ಪ್ರತಿ ಐವರು ಮತದಾರರಲ್ಲಿ ಒಬ್ಬರು ಮೇಯರನ್ನು ಆರಿಸಿದರು, ಒಬ್ಬರಿಗಿಂತ ತುಸು ಕಡಿಮೆ ಪ್ರಮಾಣದವರು ಅವರನ್ನು ವಿರೋಧಿಸಿದರು, ಮೂವರು ಮನೆಯಲ್ಲಿದ್ದರು. ಗೆಲುವಿನ ಅಂತರ ಸುಮಾರು ಇಪ್ಪತ್ತಾರು ಸಾವಿರ ಮತಗಳು. ಇಪ್ಪತ್ತೇಳು ಲಕ್ಷ ಜನರ ನಗರದಲ್ಲಿ ಇಪ್ಪತ್ತಾರು ಸಾವಿರ! ಬಹುಮತ ಬೇಕು ಎಂದು ನಿಯಮ ರೂಪಿಸಿ, ಅದಕ್ಕಾಗಿ ಎರಡು ಬಾರಿ ಚುನಾವಣೆ ನಡೆಸಿದರೂ, ಜನರೇ ಬರದಿದ್ದರೆ ಬಹುಮತವೆಂಬುದು ಬಂದವರ ಬಹುಮತವಾಗಿ ಉಳಿಯುತ್ತದೆ. ಕಾನೂನು ಮತಗಟ್ಟೆಯ ಬಾಗಿಲನ್ನು ಎರಡು ಸಲ ತೆರೆಯಬಲ್ಲದು, ಮನೆಯ ಬಾಗಿಲನ್ನು ತೆರೆದು ಹೊರಬರಬೇಕಾದವರು ನಾವೇ.

ಹಾಗೆಂದು ಎರಡನೇ ಸುತ್ತಿಗೆ ದೋಷಗಳೇ ಇಲ್ಲವೆಂದಲ್ಲ. ಇಬ್ಬರೇ ಉಳಿದಾಗ ವಿಚಾರಕ್ಕಿಂತ ಭಯವನ್ನು ಮಾರುವುದು ಸುಲಭ. 1969ರಲ್ಲಿ ಲಾಸ್ ಏಂಜಲಿಸ್ ನಗರದ ಪಕ್ಷರಹಿತ ಚುನಾವಣೆಯಲ್ಲಿ ಕಪ್ಪು ವರ್ಣೀಯರಾದ ಟಾಮ್ ಬ್ರಾಡ್ಲಿ ಮೊದಲ ಸುತ್ತಿನಲ್ಲಿ ಬಹಳ ಮುಂದಿದ್ದರು. ಎರಡನೇ ಸುತ್ತಿನಲ್ಲಿ ಮೇಯರ್ ಸ್ಯಾಮ್ ಯಾರ್ಟಿ ಅವರ ಪ್ರಚಾರ ಜನಾಂಗೀಯ ಭೀತಿಯನ್ನು ಬಡಿದೆಬ್ಬಿಸಿತು. ವರ್ಷಾನುಗಟ್ಟಲೆ ಪೊಲೀಸ್ ಅಧಿಕಾರಿಯಾಗಿದ್ದ ಬ್ರಾಡ್ಲಿಯವರನ್ನೇ ಉಗ್ರವಾದಿಗಳ ಮಿತ್ರನೆಂದು ಬಿಂಬಿಸಲಾಯಿತು. ಬ್ರಾಡ್ಲಿ ಸೋತರು. ಆದರೆ ಅವರು ನಗರವನ್ನು ಶಪಿಸುತ್ತಾ ಕುಳಿತುಕೊಳ್ಳಲಿಲ್ಲ. 1973ರಲ್ಲಿ ಅದೇ ಯಾರ್ಟಿ ಎದುರು ಅದೇ ಎರಡನೇ ಸುತ್ತಿನಲ್ಲಿ ಗೆದ್ದು, 1993ರ ವರೆಗೆ ಇಪ್ಪತ್ತು ವರ್ಷ ಆ ನಗರದ ಮೇಯರ್ ಆಗಿದ್ದರು. ಕಪ್ಪು ವರ್ಣೀಯರು ಅಲ್ಪಸಂಖ್ಯಾತರಾಗಿದ್ದ ನಗರದಲ್ಲಿ ಇದು ಹೇಗೆ ಸಾಧ್ಯವಾಯಿತು? ಅವರು ಬಿಳಿಯರ, ಯಹೂದಿಯರ, ಲ್ಯಾಟಿನೋಗಳ ಬಾಗಿಲನ್ನು ತಟ್ಟಿದರು. ತನ್ನ ಬಗ್ಗೆ ಹರಡಿದ ಭಯವನ್ನು ಪರಿಚಯದ ಮೂಲಕ ಸೋಲಿಸಿದರು.

ಅಲ್ಪಸಂಖ್ಯಾತ ಸಮುದಾಯವೊಂದು ಬಹುಮತದ ನಿಯಮದಲ್ಲಿ ಕಲಿಯಬೇಕಾದ ದೊಡ್ಡ ಪಾಠ ಇದು. ಹೆಚ್ಚು ಮತ ಪಡೆದವನೇ ಗೆಲ್ಲುವ ಕ್ರಮದಲ್ಲಿ ಒಬ್ಬ ಅಭ್ಯರ್ಥಿ ತನ್ನ ಗುಂಪನ್ನು ಗಟ್ಟಿಮಾಡಿ, ಇತರರನ್ನು ಒಡೆದರೆ ಸಾಕು. ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ಕ್ರಮದಲ್ಲಿ ನಿನ್ನೆ ತನ್ನನ್ನು ತಿರಸ್ಕರಿಸಿದವರ ಮನೆಗೆ ಇಂದು ಹೋಗಬೇಕಾಗುತ್ತದೆ. ಅವರ ಮಾತನ್ನು ಕೇಳಬೇಕಾಗುತ್ತದೆ. ಅಲ್ಪಸಂಖ್ಯಾತರ ಪಾಲಿಗೆ ಇದು ಅಪಾಯವೂ ಹೌದು, ಅವಕಾಶವೂ ಹೌದು. ಅಪಾಯ, ಏಕೆಂದರೆ ಬಹುಸಂಖ್ಯಾತರು ಭಯದಲ್ಲಿ ಒಂದಾಗಬಹುದು. ಅವಕಾಶ, ಏಕೆಂದರೆ ಮೊದಲ ಸುತ್ತಿನಲ್ಲಿ ಯಾರಿಗೂ ಬೇಡವಾಗಿದ್ದ ಸಣ್ಣ ಬೀದಿಯ ಮತಗಳು ಎರಡನೇ ಸುತ್ತಿನಲ್ಲಿ ಎಲ್ಲರಿಗೂ ಬೇಕಾಗುತ್ತವೆ. ಅಪಾಯ ಗೆಲ್ಲುತ್ತದೋ ಅವಕಾಶ ಗೆಲ್ಲುತ್ತದೋ ಎಂಬುದು ಚುನಾವಣೆಯ ದಿನ ನಿರ್ಧಾರವಾಗುವುದಿಲ್ಲ. ವರ್ಷಗಳ ಕಾಲ ನೆರೆಹೊರೆಯವರೊಂದಿಗೆ ನಾವು ಹೇಗೆ ಬಾಳಿದೆವು ಎಂಬುದರ ಮೇಲೆ ಅದು ನಿಂತಿರುತ್ತದೆ.

ಎರಡು ಬಾರಿ ಮತದಾನ ನಡೆಸುವ ವೆಚ್ಚ, ಜನರ ದಣಿವು, ಇವೆಲ್ಲ ಬೇಡವೆಂದು ಸ್ಯಾನ್ ಫ್ರಾನ್ಸಿಸ್ಕೋ, ಮಿನಿಯಾಪೊಲಿಸ್‌ನಂಥ ನಗರಗಳು ಬೇರೊಂದು ದಾರಿ ಹಿಡಿದಿವೆ. ಅಲ್ಲಿ ಮತದಾರರು ಒಂದೇ ಮತಪತ್ರದಲ್ಲಿ ಒಂದನೇ, ಎರಡನೇ, ಮೂರನೇ ಆಯ್ಕೆಯನ್ನು ಸೂಚಿಸುತ್ತಾರೆ. ಇದು ನಮಗೆ ತೀರಾ ಅಪರಿಚಿತವಲ್ಲ. ಕರ್ನಾಟಕ ವಿಧಾನ ಪರಿಷತ್ತಿನ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳಲ್ಲಿ ಮತ ಹಾಕಿದವರು ಪ್ರಾಶಸ್ತ್ಯದ ಅಂಕಿಗಳನ್ನು ಬರೆದೇ ಬಂದಿರುತ್ತಾರೆ. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಮೊದಲ ಎಣಿಕೆಯಲ್ಲಿ ಯಾರಿಗೂ ಅಗತ್ಯ ಮತ ಬಾರದೆ, ಎರಡನೇ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಬಳಿಕ ವಿ.ವಿ. ಗಿರಿಯವರು ನೀಲಂ ಸಂಜೀವ ರೆಡ್ಡಿಯವರ ಎದುರು ಗೆದ್ದರು. ದೇಶದ ಅತ್ಯುನ್ನತ ಪದವಿಯನ್ನೇ ಎರಡನೇ ಆಯ್ಕೆಯ ಮತಗಳು ನಿರ್ಧರಿಸಿದ ಉದಾಹರಣೆ ನಮ್ಮ ನೆಲದಲ್ಲಿಯೇ ಇದೆ. ಆದ್ದರಿಂದ ಎರಡನೇ ಆಯ್ಕೆ ಎಂದರೆ ಎರಡನೇ ದರ್ಜೆಯದು ಎಂದು ಯಾರೂ ತಿಳಿಯಬಾರದು.

ಕೊನೆಯದಾಗಿ, ನಮ್ಮ ಅಂಗಳಕ್ಕೆ ಬರೋಣ. ನಮ್ಮ ಜಮಾಅತ್‌ಗಳಲ್ಲಿ, ಮಸೀದಿ ಸಮಿತಿಗಳಲ್ಲಿ, ಶಾಲಾ ಆಡಳಿತ ಮಂಡಳಿಗಳಲ್ಲಿ ಆಯ್ಕೆಗಳು ನಡೆಯುತ್ತವೆ. ಅಲ್ಲಿ ಪಕ್ಷಗಳಿಲ್ಲ, ಚಿಹ್ನೆಗಳಿಲ್ಲ. ಆದರೆ ಕುಟುಂಬಗಳಿವೆ, ಸಂಘಟನೆಗಳಿವೆ, ಹಳೆಯ ಮುನಿಸುಗಳಿವೆ. ನಾವು ಬಯಸಿದವರು ಅಧ್ಯಕ್ಷರಾಗದಿದ್ದರೆ ನಾವೇನು ಮಾಡುತ್ತೇವೆ? ಎಷ್ಟು ಊರುಗಳಲ್ಲಿ ಸೋತ ಗುಂಪು ಸಭೆಗಳಿಗೆ ಬರುವುದನ್ನು ನಿಲ್ಲಿಸಿಲ್ಲ? ವಂತಿಗೆ ಕೊಡುವುದನ್ನು ನಿಲ್ಲಿಸಿಲ್ಲ? ಎಷ್ಟು ಕಡೆ ಗೆದ್ದ ಗುಂಪು ಸೋತವರ ಮನೆಯ ನಿಕಾಹ್‌ಗೆ, ಜನಾಝಾಕ್ಕೆ ಹೋಗುವಾಗಲೂ ಲೆಕ್ಕಾಚಾರ ಹಾಕಿಲ್ಲ? ಶಿಕಾಗೋದ ರಾಜಕಾರಣದ ಬಗ್ಗೆ ತೀರ್ಪು ನೀಡುವ ಮೊದಲು ನಾವು ನಮ್ಮ ಮಹಲ್ಲಾದ ಕಡತವನ್ನು ಬಿಚ್ಚಿ ನೋಡುವುದು ಒಳಿತು. ಸತ್ಯವಿಶ್ವಾಸಿಗಳ ವ್ಯವಹಾರಗಳು ಪರಸ್ಪರ ಸಮಾಲೋಚನೆಯಿಂದ ನಡೆಯುತ್ತವೆ ಎಂಬುದನ್ನು ಕುರ್‌ಆನ್ ನಮಾಝ್ ಮತ್ತು ದಾನದ ಜೊತೆಗೇ ಸೇರಿಸಿ ಹೇಳುತ್ತದೆ. ಆ ವಚನವಿರುವ ನಲವತ್ತೆರಡನೇ ಅಧ್ಯಾಯದ ಹೆಸರೇ ಅಶ್ಶೂರಾ, ಅಂದರೆ ಸಮಾಲೋಚನೆ. ಸಮಾಲೋಚನೆಯ ನಿಜವಾದ ಪರೀಕ್ಷೆ ನಮ್ಮ ಮಾತು ಗೆದ್ದಾಗ ನಡೆಯುವುದಿಲ್ಲ, ಸೋತಾಗ ನಡೆಯುತ್ತದೆ.

ಆದ್ದರಿಂದ ಮನೆಯಲ್ಲಿ ಮತದಾನದ ವಯಸ್ಸಿಗೆ ಬಂದ ಮಗನೋ ಮಗಳೋ ಇದ್ದರೆ, ಅವರೊಂದಿಗೆ ಒಂದು ಸಂಜೆ ಈ ಬಗ್ಗೆ ಮಾತನಾಡಿ. ಯಾರಿಗೆ ಮತ ಹಾಕಬೇಕೆಂದು ಹೇಳಿಕೊಡುವುದು ಬೇಡ. ಬಯಸಿದವರು ಸೋತ ಬಳಿಕ ಹೇಗೆ ಯೋಚಿಸಬೇಕೆಂದು ಹೇಳಿಕೊಡಿ. ಉಳಿದವರಲ್ಲಿ ಯಾರಿಂದ ಬಡವನಿಗೆ ಹೆಚ್ಚು ನ್ಯಾಯ ಸಿಕ್ಕೀತು, ಯಾರಿಂದ ದುರ್ಬಲನಿಗೆ ಕಡಿಮೆ ಭಯವಾದೀತು ಎಂದು ಅಳೆಯುವುದನ್ನು ಕಲಿಸಿ. ಮತ ಹಾಕಿದ ಮರುದಿನದಿಂದ, ಗೆದ್ದವರು ಯಾರೇ ಆಗಿರಲಿ, ಕೊಟ್ಟ ಠೇವಣಿಯ ಲೆಕ್ಕ ಕೇಳುವುದನ್ನೂ ಕಲಿಸಿ.

ಅಂದು ಶಿಕಾಗೋದಲ್ಲಿ ಹಸಿವನ್ನೂ ದಣಿವನ್ನೂ ಬದಿಗಿಟ್ಟು ಮತಗಟ್ಟೆಗೆ ಹೋದವರೆಲ್ಲರ ಅಭ್ಯರ್ಥಿ ಗೆದ್ದಿರಲಿಕ್ಕಿಲ್ಲ. ಕೆಲವರ ಅಭ್ಯರ್ಥಿ ಮೊದಲ ಸುತ್ತಿನಲ್ಲಿಯೂ ಸೋತು, ಎರಡನೇ ಸುತ್ತಿನಲ್ಲಿಯೂ ಸೋತಿರಬಹುದು. ಆದರೆ ಅವರು ಕರೆದಾಗ ಬಂದು ತಮಗೆ ತಿಳಿದ ಸತ್ಯವನ್ನು ಹೇಳಿ ಹೋದ ಸಾಕ್ಷಿಗಳು. ಸಾಕ್ಷಿಯ ಗೌರವ ತೀರ್ಪು ಯಾರ ಪರ ಬಂತು ಎಂಬುದನ್ನು ಅವಲಂಬಿಸಿಲ್ಲ. ಅವನು ಬಂದನೇ, ಸತ್ಯ ನುಡಿದನೇ ಎಂಬುದನ್ನು ಅವಲಂಬಿಸಿದೆ. ನಾಳೆ ಅಲ್ಲಾಹನ ಮುಂದೆ ನಾವು ಉತ್ತರಿಸಬೇಕಾದುದು ಯಾರು ಗೆದ್ದರು ಎಂಬ ಪ್ರಶ್ನೆಗಲ್ಲ, ನಮ್ಮ ಕೈಯಲ್ಲಿದ್ದ ಅಮಾನತನ್ನು ನಾವು ಏನು ಮಾಡಿದೆವು ಎಂಬ ಪ್ರಶ್ನೆಗೆ.